ಆ ಎಲೆ ಮುಚ್ಚಿಟ್ಟವರು ಯಾರು

ನಮ್ಮ ಕಡೆಯ ಪಾಟ್‌ಲಕ್‌ಗಳಿಗೆ ಒಬ್ಬೊಬ್ಬರು ಒಂದೊಂದು ತರುತ್ತಾರೆ. ಕ್ಯುಪರ್ಟಿನೋದ ಗೆಳೆಯನ ಮನೆಯಿಂದ ಬಿಸಿಬೇಳೆಬಾತು ಬರುತ್ತದೆ, ನನ್ನ ಹೆಂಡತಿ ಕೋಸಂಬರಿ ಮಾಡುತ್ತಾಳೆ, ನಾನು ರೀನೋ ಕತೆ ತರುತ್ತಿದ್ದೆ. ಐದು ವರ್ಷದಲ್ಲಿ ಅದನ್ನು ಎಷ್ಟು ಸಲ ಬಡಿಸಿದ್ದೇನೋ ನೆನಪಿಲ್ಲ. ಊಟ ಮುಗಿದು, ಗಂಡಸರೆಲ್ಲ ಸೋಫಾದಲ್ಲಿ ಜಾರಿ ಕುಳಿತು, ಸ್ಕೂಲು, ಮನೆ ಬೆಲೆ, ಲೇಆಫು ಮೂರೂ ಮುಗಿದು ಮಾತು ನಿಂತಾಗ ಯಾರಾದರೂ ಒಬ್ಬರು ನಿಮ್ಮ ಮಾವನ ಪೋಕರ್ ಕತೆ ಹೇಳಿ ಎನ್ನುತ್ತಿದ್ದರು. ನಾನು ಎರಡು ಸಲ ಬೇಡ ಎಂದು, ಮೂರನೆಯ ಸಲ ಹೇಳಿಸಿಕೊಳ್ಳುವ ಮೊದಲೇ ಶುರು ಮಾಡುತ್ತಿದ್ದೆ.

ಕತೆ ಇಷ್ಟು. ಐದು ವರ್ಷದ ಹಿಂದೆ ಅತ್ತೆ ಮಾವ ಮೊದಲ ಸಲ ಮಂಡ್ಯದಿಂದ ಸ್ಯಾನ್ ರಮೋನ್‌ನ ನಮ್ಮ ಮನೆಗೆ ಬಂದಿದ್ದರು. ಮಾವ ಸರ್ವೆ ಇಲಾಖೆಯಲ್ಲಿದ್ದವರು. ಮೂವತ್ತು ವರ್ಷ ಸರಪಳಿ ಎಳೆದು ಊರೂರಿನ ಹೊಲಗದ್ದೆ ಅಳೆದವರು. ಅದಕ್ಕಿಂತ ಮುಖ್ಯವಾಗಿ, ಇಸ್ಪೀಟ್ ಎಲೆ ಕೈಗೆ ಬಂದರೆ ಊಟ ಮರೆಯುವವರು. ನವೆಂಬರಿನ ಒಂದು ಭಾನುವಾರ ಅವರನ್ನು ಕರೆದುಕೊಂಡು ರೀನೋದ ಒಂದು ಕ್ಯಾಸಿನೋಗೆ ಹೋದೆವು. ಕ್ಯಾಲಿಫೋರ್ನಿಯಾದಲ್ಲಿ ಆಟಗಳ ಮೇಲೆ ಬಾಜಿ ಕಟ್ಟುವಂತಿಲ್ಲ, ಗಡಿ ದಾಟಿ ನೆವಾಡಾಕ್ಕೆ ಹೋಗಬೇಕು. ನನಗೆ ಅಮೆರಿಕನ್ ಫುಟ್‌ಬಾಲ್ ಮೇಲೆ ಬಾಜಿ ಕಟ್ಟುವುದಿತ್ತು, ಮಾವನಿಗೆ ಎಲೆ ನೋಡುವುದಿತ್ತು.

ಪೋಕರ್‌ನಲ್ಲಿ ಒಬ್ಬೊಬ್ಬರಿಗೆ ಎರಡೇ ಎಲೆ. ಮೇಜಿನ ನಡುವೆ ಐದು ಎಲೆ ತೆರೆದಿಡುತ್ತಾರೆ, ಅವು ಎಲ್ಲರಿಗೂ ಸೇರಿದವು. ಕೊನೆಯಲ್ಲಿ ಉಳಿದವರು ತಮ್ಮ ಎರಡೆಲೆಯನ್ನು ಮಗುಚಿ ತೋರಿಸಬೇಕು. ತೋರಿಸದೆ ಮುಚ್ಚಿ ಮುಂದೆ ತಳ್ಳಿದರೆ ಸೋತೆ ಎಂದು ಅರ್ಥ. ನಮ್ಮ ರಮ್ಮಿಯಲ್ಲಿ ಹಾಗಲ್ಲ. ಗೆದ್ದವನು ಒಂದು ಎಲೆಯನ್ನು ಮುಚ್ಚಿ ನಡುವೆ ಇಟ್ಟು 'ಶೋ' ಎನ್ನುತ್ತಾನೆ, ಆಮೇಲೆ ಉಳಿದದ್ದನ್ನು ಹರಡುತ್ತಾನೆ. ನಮ್ಮ ಮಾವ ಪೋಕರ್ ಮೇಜಿಗೆ ಕುಳಿತರು, ಎರಡು ರಾಜ ಬಂದವು, ನಡುವೆ ಮೂರನೆಯ ರಾಜನೂ ಬಂದ, ಎದುರಿನವನು ಬೆವರುತ್ತಿದ್ದ, ಮಾವ ನಲವತ್ತು ವರ್ಷದ ಅಭ್ಯಾಸದಂತೆ ಒಂದು ರಾಜನನ್ನು ಮುಚ್ಚಿ ನಡುವೆ ಇಟ್ಟು ಗತ್ತಿನಿಂದ 'ಶೋ' ಎಂದರು. ಎಲೆ ಹಂಚುವ ಹೆಂಗಸು ಅದನ್ನು ತೆಗೆದು ಸತ್ತ ಎಲೆಗಳ ರಾಶಿಗೆ ಸೇರಿಸಿಬಿಟ್ಟಳು. ಮಾವನ ಕೈಯಲ್ಲಿ ಒಂಟಿ ರಾಜ, ಆಟ ಹೋಯಿತು. ನಾನು ಹಿಂದೆ ನಿಂತು ತಲೆ ಚಚ್ಚಿಕೊಂಡೆ. ಪಕ್ಕದ ಕೌಂಟರಿನಲ್ಲಿ ನನ್ನ ಫುಟ್‌ಬಾಲ್ ಬಾಜಿ ಗೆದ್ದದ್ದರಿಂದ ಪೆಟ್ರೋಲಿನ ಖರ್ಚಾದರೂ ಹುಟ್ಟಿತು. ಇಲ್ಲಿ ಎಲ್ಲರೂ ನಗುತ್ತಿದ್ದರು.

ಒಳ್ಳೆಯ ಕತೆ. ತೊಂದರೆಯೆಂದರೆ, ಅದರಲ್ಲಿ ನಿಜವಾಗಿದ್ದದ್ದು ಊರಿನ ಹೆಸರು ಮತ್ತು ಎರಡು ರಾಜ ಮಾತ್ರ.

ಇದನ್ನು ಒಪ್ಪಿಕೊಳ್ಳುವುದು ನನಗೆ ಯಾಕೆ ಕಷ್ಟ ಎಂದು ಹೇಳಬೇಕು. ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಇಲ್ಲಿಗೆ ಬಂದು ಅದರಲ್ಲೇ ಡಾಕ್ಟರೇಟ್ ಮಾಡಿದವನು. ಸ್ಯಾನ್ ಮಟಿಯೋದ ಆಫೀಸಿನಲ್ಲಿ ಯಾರಾದರೂ ಹೊಸದೊಂದು ಮಾಡಿ, ಇದರಿಂದ ಲಾಭವಾಯಿತು ಎಂದು ನಗುತ್ತಾ ಬಂದಾಗ 'ಸಾಕ್ಷಿ ಏನು?' ಎಂದು ಕೇಳಿ ಅವರ ನಗು ನಿಲ್ಲಿಸುವುದೇ ನನ್ನ ಕೆಲಸ. ಅದಕ್ಕೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ. ಮೆಂತ್ಯ ನೆನೆಸಿ ಕುಡಿದರೆ ಮಂಡಿ ನೋವು ಹೋಗುತ್ತದೆ ಎಂದ ಅತ್ತೆಯನ್ನು, ಎಷ್ಟು ಜನ ಕುಡಿದರು, ಎಷ್ಟು ಜನರಿಗೆ ಹೋಯಿತು ಎಂದು ಕೇಳಿದ್ದೇನೆ. ಮಗಳು ಏನಾದರೂ ಹೇಳುವ ಮೊದಲೇ "ಐ ಡೋಂಟ್ ಹ್ಯಾವ್ ಎ ಸೋರ್ಸ್, ಓಕೆ?" ಎಂದು ನಿರೀಕ್ಷಣಾ ಜಾಮೀನು ತೆಗೆದುಕೊಳ್ಳುತ್ತಾಳೆ. ಜೊತೆಗೆ ಒಂದು ಕಡೆ ಕೂರುವ ಜಾತಿ ನನ್ನದಲ್ಲ. ಒಂದು ವರ್ಷ ಟೆಲಿಸ್ಕೋಪು, ಒಂದು ವರ್ಷ ಬ್ರೆಡ್ಡು. ಆ ವರ್ಷ ಫುಟ್‌ಬಾಲ್. ನಾಲ್ಕು ಸೀಸನ್ನಿನ ಅಂಕಿಅಂಶ ಸೇರಿಸಿ, ಯಾವ ತಂಡ ಎಷ್ಟು ಅಂತರದಲ್ಲಿ ಗೆಲ್ಲುತ್ತದೆ ಎಂದು ಹೇಳುವ ಒಂದು ಮಾಡೆಲ್ ಮಾಡಿದ್ದೆ. ಆ ಆಟವನ್ನು ಪೂರ್ತಿಯಾಗಿ ಒಮ್ಮೆಯೂ ನೋಡಿರಲಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಅತ್ತೆ ಮಾವ ಎರಡನೆಯ ಸಲ ಬಂದರು. ಬಂದ ಎರಡನೆಯ ಶನಿವಾರ ನಮ್ಮ ಮನೆಯಲ್ಲೇ ಮಧ್ಯಾಹ್ನದ ಊಟ. ಕ್ಯುಪರ್ಟಿನೋದ ಗೆಳೆಯ, ಅವನೂ ಮಂಡ್ಯದವನೇ, ಕತೆಯ ನಾಯಕರೇ ಇಲ್ಲಿ ಕುಳಿತಿದ್ದಾರೆ, ಇವತ್ತು ಹೇಳಲೇಬೇಕು ಎಂದ. ನಾನು ಹೇಳಿದೆ. ಎದ್ದು ನಿಂತು, ಮಾವನ ಗತ್ತನ್ನು ಅಭಿನಯಿಸಿ ಹೇಳಿದೆ. ಮಾವ ನಕ್ಕರು. ನಕ್ಕು, ಮೊಸರನ್ನದ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದರು. ಅವರು ಎಂದೂ ತಟ್ಟೆ ಎತ್ತಿಕೊಂಡು ಎದ್ದವರಲ್ಲ. ಅದನ್ನು ನಾನು ಗಮನಿಸಿದೆ ಎಂದು ಈಗ ಬರೆಯಬಹುದು, ಆದರೆ ಆಗ ಗಮನಿಸಿದೆನೋ ಇಲ್ಲವೋ ಹೇಳಲಾರೆ.

ಮರುದಿನ ಬೆಳಿಗ್ಗೆ ಅತ್ತೆ ಅಡುಗೆಮನೆಯ ಕಟ್ಟೆಯ ಮೇಲೆ ಕೊತ್ತಂಬರಿ ಬಿಡಿಸುತ್ತಿದ್ದರು. ನಾನು ಕಾಫಿ ಸೋಸುತ್ತಿದ್ದೆ. ಅವರು ತಲೆ ಎತ್ತದೆ ಹೇಳಿದರು.

"ಬೇಜಾರ್ ಮಾಡ್ಕಬ್ಯಾಡಿ. ಆ ಕತೆಯ ಇನ್ಮೇಲೆ ಹೇಳ್ಬ್ಯಾಡಿ."

ಮಾವನಿಗೆ ಬೇಸರವಾಯಿತೇ ಎಂದೆ. ತಮಾಷೆಗೆ ಹೇಳಿದ್ದು ಎಂದೆ.

"ತಮಾಷೆಯೇನೋ ಸರಿ. ಅವತ್ತು ಎಲೆ ಮುಚ್ಚಿದ್ದು ನೀವಲ್ವಾ?"

ನಾನು ನಕ್ಕೆ. ಅತ್ತೆ ನಗಲಿಲ್ಲ. ಆಮೇಲೆ ಕೊತ್ತಂಬರಿ ಮುಗಿಯುವವರೆಗೂ ಅವರು ಹೇಳಿದ್ದನ್ನು ನಾನು ನಿಂತೇ ಕೇಳಿದೆ.

ಮಂಡ್ಯದ ಕಡೆ ಯುಗಾದಿಗೆ ಎಲೆ ಆಡುವುದು ಹಬ್ಬದ ಒಂದು ಅಂಗ. ವರ್ಷವಿಡೀ ಎಲೆ ಮುಟ್ಟದವರೂ ಅವತ್ತು ಮುಟ್ಟುತ್ತಾರೆ. ಎಣ್ಣೆನೀರು, ಬೇವುಬೆಲ್ಲ, ಒಬ್ಬಟ್ಟಿನ ಊಟ, ಆಮೇಲೆ ಆಟ. ಮಾವನ ಗುಂಪು ಏಳು ಜನರದು. ಅವರಲ್ಲೊಬ್ಬರಿಗೆ ಊರಾಚೆ ಆಲೆಮನೆ ಇದೆ. ಬೆಲ್ಲ ಕಾಯಿಸುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾದರೂ ಯುಗಾದಿಯ ದಿನ ಅಲ್ಲಿ ಜಮಖಾನ ಹಾಸುತ್ತಾರೆ. ಏಳು ಜನ, ಏಳು ಜಾಗ. ಮಾವನದು ಕಂಬಕ್ಕೆ ಒರಗುವ ಜಾಗ, ಎಂದರೆ ಗುಂಪಿನಲ್ಲಿ ಹಿರಿಯ ಆಟಗಾರನ ಜಾಗ. ನನ್ನ ಕತೆ ಕ್ಯುಪರ್ಟಿನೋದಿಂದ ಫೋನಿನಲ್ಲಿ ಮಂಡ್ಯಕ್ಕೆ ಹೋಗಿತ್ತು. ಗೆಳೆಯನ ದೊಡ್ಡಪ್ಪನೇ ಆ ಆಲೆಮನೆಯ ಯಜಮಾನರು. ಮುಂದಿನ ಯುಗಾದಿಗೆ ಮಾವ ಹೋದಾಗ ಅವರ ಜಾಗದಲ್ಲಿ ಯಜಮಾನರ ತಮ್ಮ ಕುಳಿತಿದ್ದನಂತೆ. ಅಮೆರಿಕದಲ್ಲಿ ರಾಜನ್ನೇ ಮುಚ್ಚಿ ಬಂದೋನು ನೀನು, ಈ ಸಲ ಪಕ್ಕದಲ್ಲಿ ಕೂತು ನೋಡ್ಕೊ ಎಂದು ಯಜಮಾನರು ಹೇಳಿದರಂತೆ. ಎಲ್ಲರೂ ನಕ್ಕರಂತೆ, ಮಾವನೂ ನಕ್ಕರಂತೆ. ಮಾರನೆಯ ವರ್ಷವೂ ಅದೇ ಮಾತು. ಆಮೇಲೆ ಎರಡು ಯುಗಾದಿ ಅವರು ಮಂಡಿ ನೋವೆಂದು ಮನೆಯಲ್ಲೇ ಕುಳಿತು ಟಿ.ವಿ. ನೋಡಿದರು.

"ಮಂಡಿ ನೋವು ಇರಾದು ನಂಗೆ," ಎಂದರು ಅತ್ತೆ. "ಅವ್ರಿಗಲ್ಲ."

ಮೊದಲು ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಅನುಮಾನ. ಅತ್ತೆ ಪೋಕರ್ ಮೇಜಿನ ಹತ್ತಿರ ಇರಲೇ ಇಲ್ಲ. ಅವರೂ ನನ್ನ ಹೆಂಡತಿಯೂ ಮಗಳೂ ನದಿ ನೋಡಲು ಹೋಗಿದ್ದರು. ಅವರದು ಕೇಳಿದ ಮಾತು, ನನ್ನದು ಕಣ್ಣಾರೆ ಕಂಡದ್ದು. ಆಫೀಸಿನಲ್ಲಾದರೆ ಅಲ್ಲಿಗೇ ಮುಗಿಯುತ್ತಿತ್ತು.

ಹೆಂಡತಿಯನ್ನು ಕೇಳಿದೆ. ಅವಳು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, ಯಾರು ಮುಚ್ಚಿದರೋ ಗೊತ್ತಿಲ್ಲ, ನದಿಯಿಂದ ವಾಪಸ್ ಬಂದಾಗ ನೀನು ಬಫೆಯಲ್ಲಿ ಯಾರ ಹತ್ತಿರವೂ ಮಾತಾಡದೆ ಐಸ್‌ಕ್ರೀಮ್ ತಿನ್ನುತ್ತಿದ್ದೆ, ಅಪ್ಪ ನಿನ್ನ ಬೆನ್ನು ಸವರುತ್ತಿದ್ದರು ಎಂದಳು. ಮಾವನನ್ನು ಸಮಾಧಾನ ಮಾಡುತ್ತಿದ್ದವನು ನಾನು ಎಂದೆ. "ಐಸ್‌ಕ್ರೀಮ್ ತಿಂತಾ ಇದ್ದೋನು ನೀನು. ಅಷ್ಟು ನಂಗೆ ಗೊತ್ತು," ಎಂದಳು.

ಆ ವಾರ ಪ್ರತಿದಿನ ಸೇತುವೆ ದಾಟಿ ಆಫೀಸಿಗೆ ಹೋಗುವಾಗ ಆ ಭಾನುವಾರವನ್ನು ಮೊದಲಿಂದ ನಡೆಸಿ ನೋಡಿದೆ. ಬೆಳಿಗ್ಗೆ ಹೊರಟದ್ದು. ಫ್ರೀವೇ ಪಕ್ಕದ ರೆಸ್ಟ್ ಏರಿಯಾದಲ್ಲಿ ಅತ್ತೆ ಪುಳಿಯೋಗರೆ ಹಂಚಿದ್ದು. ಬೆಟ್ಟ ಏರಿ ಇಳಿದು ನೆವಾಡಾ ಬಂತು ಎಂದಾಗ ಮಾವ ಗಡಿಕಲ್ಲು ಎಲ್ಲಿ ಎಂದು ಕೇಳಿದ್ದು. ಫಲಕ ಇದೆಯಲ್ಲ ಎಂದೆ. ಫಲಕ ಯಾರು ಬೇಕಾದರೂ ನೆಡಬಹುದು, ಕಲ್ಲು ಎಲ್ಲಿ ಎಂದರು. ನಾನು ಕಾರು ನಿಲ್ಲಿಸಲಿಲ್ಲ. ಆಟ ಶುರುವಾಗುವ ಮೊದಲು ಬಾಜಿ ಕಟ್ಟಬೇಕಿತ್ತು. ಇಲ್ಲಿಯವರೆಗೆ ಎಲ್ಲ ಗಟ್ಟಿ. ಮೇಜಿನ ಹತ್ತಿರ ಬಂದಾಗ ಮಾತ್ರ ಒಂದು ತೊಡಕು ಕಾಣಿಸಿತು. ಆ ಎಲೆಯ ಅಂಚು ಹೆಬ್ಬೆರಳಿಗೆ ಒತ್ತಿದ್ದು ನನಗೆ ನೆನಪಿತ್ತು. ಎಲೆ ತುಸು ಒದ್ದೆಯಾಗಿದ್ದುದೂ ನೆನಪಿತ್ತು. ಹಸಿರು ಬಟ್ಟೆಯ ಮೇಲೆ ಅದು ಜಾರಿದ್ದು ಬೆರಳ ತುದಿಗೆ ನೆನಪಿತ್ತು. ಹಿಂದೆ ನಿಂತು ನೋಡಿದವನ ಹೆಬ್ಬೆರಳಿಗೆ ಇದೆಲ್ಲ ಹೇಗೆ ಗೊತ್ತಾಯಿತು?

ಅದನ್ನೂ ನಂಬದವನು ನಾನು. ಎಷ್ಟೋ ಸಲ ಅಭಿನಯಿಸಿ ಹೇಳಿದ್ದರಿಂದ ಮಾವನ ಬೆರಳು ನನ್ನ ಬೆರಳಾಗಿರಬಹುದು ಎಂದು ಎರಡು ದಿನ ವಾದ ಮಾಡಿದೆ. ಮೂರನೆಯ ದಿನ ಬಾಜಿಯ ಚೀಟಿ ನೆನಪಾಯಿತು. ಗೆದ್ದ ಚೀಟಿಯನ್ನು ಕೌಂಟರಿನಲ್ಲಿ ಕೊಟ್ಟು ಹಣ ಪಡೆಯಬೇಕು, ಅವರು ವಾಪಸ್ ಕೊಡುವುದಿಲ್ಲ. ಚೀಟಿ ನನ್ನ ಹತ್ತಿರ ಇಲ್ಲದಿದ್ದರೆ ಗೆದ್ದೆ ಎನ್ನುವುದಕ್ಕೆ ಅಷ್ಟು ಬಲ ಬರುತ್ತದೆ. ಹೀಗೆ ಯೋಚಿಸಿ, ಇಲ್ಲದಿರುವುದನ್ನು ಖಚಿತಪಡಿಸಿಕೊಳ್ಳಲು ಕಪಾಟು ಹುಡುಕಿದೆ. ಆ ವರ್ಷ ನಲವತ್ತು ಪುಟ ಓದಿ ಬಿಟ್ಟಿದ್ದ ಒಂದು ದಪ್ಪ ಪುಸ್ತಕದಲ್ಲಿ, ನಲವತ್ತನೆಯ ಪುಟದಲ್ಲೇ ಚೀಟಿ ಇತ್ತು.

ಎಂದರೆ ನಾನು ಸೋತಿದ್ದೆ.

ಮುಂಭಾಗದ ಅಕ್ಷರ ಬಹುತೇಕ ಅಳಿಸಿಹೋಗಿತ್ತು. ಅಂಗಡಿಯ ರಸೀದಿಗಳು ಬಿಳಿಚಿಕೊಳ್ಳುವ ಹಾಗೆ. ತಿರುಗಿಸಿದೆ. ಹಿಂಭಾಗದಲ್ಲಿ ಪೆನ್ಸಿಲಿನ ಗೆರೆಗಳು ನಿನ್ನೆ ಎಳೆದಂತೆ ಇದ್ದವು. ಒಂದು ಮೊಟ್ಟೆಯಾಕಾರ. ಅದರ ಸುತ್ತ ಒಂಬತ್ತು ಚುಕ್ಕೆ, ಪ್ರತಿಯೊಂದಕ್ಕೂ ಕನ್ನಡದ ಅಂಕಿ. ಆರನೆಯ ಚುಕ್ಕೆಯ ಪಕ್ಕದಲ್ಲಿ 'ಅಳಿಯ'. ಮೊಟ್ಟೆಯಿಂದ ಹೊರಗೆ, ಆರನೆಯ ಚುಕ್ಕೆಯ ಹಿಂದೆ, ಚುಕ್ಕೆಗೆರೆಯಲ್ಲಿ ಒಂದು ಚೌಕ, ಅದರೊಳಗೆ 'ನಾನು'. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ.

ಸರ್ವೇಯರು ಎಲ್ಲೇ ಹೋದರೂ ನಕ್ಷೆ ಬರೆಯುತ್ತಾರೆ. ಒಂದು ಕಿಟಕಿಯೂ ಇಲ್ಲದ ಆ ಹಾಲಿನಲ್ಲಿ ಅವರಿಗೆ ಉತ್ತರ ಹೇಗೆ ಗೊತ್ತಾಯಿತೋ. ಮೇಜಿಗೆ ಕುಳಿತವನು ನಾನು ಎಂಬುದಂತೂ ಅವರಿಗೆ ಗೊತ್ತಿತ್ತು.

ಚೀಟಿ ಹಿಡಿದು ಹಿತ್ತಲಿಗೆ ಹೋದೆ. ಮಾವ ಬೇಲಿಯ ಪಕ್ಕ ಹೆಜ್ಜೆ ಎಣಿಸುತ್ತಾ ನಡೆಯುತ್ತಿದ್ದರು. ಪಕ್ಕದ ಮನೆಯವರು ಬೇಲಿಯನ್ನು ಒಂದು ಗೇಣು ಈಚೆಗೆ ಹಾಕಿದ್ದಾರೆ ಎಂಬುದು ಮೊದಲ ಭೇಟಿಯಿಂದಲೂ ಅವರ ವಾದ. ಚೀಟಿ ಕೊಟ್ಟೆ. ಕನ್ನಡಕ ಏರಿಸಿ ನೋಡಿದರು. ಅವರ ಮುಖದಲ್ಲಿ ಕಂಡದ್ದು ಹಳೆಯ ಕಡತ ಸಿಕ್ಕಿದ ಗುಮಾಸ್ತನ ಸಂತೋಷ, ಅಷ್ಟೇ.

"ಸ್ಕೇಲ್ ಹಾಕಿಲ್ಲ ನೋಡಿ," ಎಂದರು. "ಅವಸರದಲ್ಲಿ ಬರ್ದಿದ್ದು."

ಆ ದಿನ ಏನಾಯಿತು ಎಂದು ಕೇಳಿದೆ. ಅವರು ಹೇಳಿದ್ದು ಹೀಗೆ. ಓದುವ ಕನ್ನಡಕ ಕಾರಿನಲ್ಲೇ ಉಳಿದಿತ್ತು, ಆದ್ದರಿಂದ ತಾವು ಕೂರುವುದಿಲ್ಲ, ಹಿಂದೆ ಕುಳಿತು ಕಲಿಯುತ್ತೇನೆ ಎಂದಿದ್ದರು. ನಾನು ಮೇಜು ಬಿಟ್ಟು ಏಳಲು ಮನಸ್ಸಿಲ್ಲದೆ, ನನ್ನ ಮಾಡೆಲ್ ಹೇಳಿದ ತಂಡದ ನಂಬರನ್ನು ಬರೆದುಕೊಟ್ಟು ಅವರನ್ನೇ ಬಾಜಿ ಕೌಂಟರಿಗೆ ಕಳಿಸಿದ್ದೆ. ಅಲ್ಲಿ ತಂಡಗಳಿಗೆ ಹೆಸರಿಗಿಂತ ನಂಬರೇ ಮುಖ್ಯ. ಅವರು ನನ್ನ ನಂಬರಿಗೂ ಕಟ್ಟಿ, ತಮ್ಮ ಜೇಬಿನಿಂದ ಎದುರು ತಂಡಕ್ಕೂ ಕಟ್ಟಿದ್ದರು. ಯಾಕೆಂದು ಕೇಳಿದೆ. ದೊಡ್ಡ ಪರದೆಯಲ್ಲಿ ಹಿಂದಿನ ವಾರದ ಆಟದ ತುಣುಕು ಹಾಕಿ ಎರಡೂ ತಂಡದ ತರಬೇತುದಾರರನ್ನು ತೋರಿಸಿದರಂತೆ. ನನ್ನ ಕಡೆಯವನು ಬಾಯಿಗೆ ಕಾಗದ ಮುಚ್ಚಿಕೊಂಡು ಕೂಗುತ್ತಿದ್ದ, ಎದುರಿನವನು ಕೈಕಟ್ಟಿ ನಿಂತಿದ್ದ. ಎಲೆ ಚೆನ್ನಾಗಿರುವವನು ಕೂಗುವುದಿಲ್ಲ ಎಂಬುದು ಅವರ ಲೆಕ್ಕ. ನಾಲ್ಕು ಸೀಸನ್ನಿನ ಅಂಕಿಅಂಶ ಒಂದು ಕಡೆ, ಕಟ್ಟಿದ ಕೈ ಒಂದು ಕಡೆ. ಗೆದ್ದದ್ದು ಅವರು. ಪೆಟ್ರೋಲು ಹಾಕಿಸಿದ್ದೂ ಅವರೇ.

ಆಮೇಲೆ ನನಗೆ ಎರಡು ರಾಜ ಬಂದವು. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ರಮ್ಮಿ ಆಡಿದ ಈ ಕೈ, ಪೋಕರ್ ಬಗ್ಗೆ ಎರಡು ಪುಸ್ತಕ ಓದಿದ ಈ ತಲೆಯನ್ನು ಒಂದು ಮಾತೂ ಕೇಳದೆ, ಒಂದು ರಾಜನನ್ನು ಮುಚ್ಚಿ ನಡುವೆ ಇಟ್ಟಿತು. 'ಶೋ' ಎಂದದ್ದೂ ನಾನೇ.

"ಮೂರನೇ ರಾಜ ನಡುವೆ ಇತ್ತಲ್ಲ ಮಾವ," ಎಂದೆ. ಸೋಲನ್ನಾದರೂ ದೊಡ್ಡದಾಗಿ ಉಳಿಸಿಕೊಳ್ಳಬೇಕಿತ್ತು.

"ಎಲ್ಲಿಂದ ಬಂದ ಮೂರ್ನೆಯವನು? ನಿಮ್ಮ ಎರಡು ರಾಜ, ನಡುವೆ ಎರಡು ಒಂಬತ್ತು. ಎರಡು ಜೋಡಿ ಅಷ್ಟೆಯ. ಎದುರಿನವನ ಹತ್ರ ಏನಿತ್ತೋ, ಅವ್ನು ತೋರಿಸ್ಲಿಲ್ಲ."

ಮೂರನೆಯ ರಾಜ ಯಾವ ಪಾಟ್‌ಲಕ್‌ನಲ್ಲಿ ಬಂದು ಸೇರಿದನೋ ನಾನು ಹೇಳಲಾರೆ. ನನ್ನ ಅಂದಾಜು ಎರಡನೆಯ ವರ್ಷದ ದೀಪಾವಳಿ.

ಇಷ್ಟು ವರ್ಷ ನಾನು ಹೇಳುವಾಗೆಲ್ಲ ಸುಮ್ಮನಿದ್ದಿರಲ್ಲ, ಮಂಡ್ಯದಲ್ಲಾದರೂ ಹೇಳಬಹುದಿತ್ತಲ್ಲ ಎಂದೆ. ಅವರು ಚೀಟಿಯನ್ನು ನೀಟಾಗಿ ಮಡಚಿ ನನ್ನ ಕೈಗೆ ವಾಪಸ್ ಕೊಟ್ಟರು.

"ಅಳಿಯನ ಮಾತ ನಾಕ್ ಜನದ ಮುಂದೆ ತಿದ್ದಾಕೆ ಆಯ್ತದಾ? ಅದೂ ಆಲೆಮನೇಲಿ ನಿಮ್ಮ ಹೆಸರು ಹೇಳಿ, ಅವ್ನು ಹಿಂಗೆ ಅಂತ ಅನ್ನಾದಾ? ಬುಡಿ."

ನನ್ನ ಕಡೆಯವರಲ್ಲಿ ಅಳಿಯನಿಗೆ ಇಷ್ಟು ಮರ್ಯಾದೆ ಇಲ್ಲ. ಈ ಮರ್ಯಾದೆಯನ್ನು ನಾನು ಮದುವೆಯಾದಾಗಿನಿಂದ ಬಿಸಿ ಒಬ್ಬಟ್ಟು, ಕಿಟಕಿ ಪಕ್ಕದ ಸೀಟು ಎಂದು ಅನುಭವಿಸಿಕೊಂಡು ಬಂದಿದ್ದೆ. ಅದಕ್ಕೆ ಒಬ್ಬರು ತಮ್ಮ ಕಂಬದ ಜಾಗ ಬಿಟ್ಟುಕೊಡಬೇಕಾಗುತ್ತದೆ ಎಂದು ಯೋಚಿಸಿರಲಿಲ್ಲ.

ಸರಿಪಡಿಸುತ್ತೇನೆ ಎಂದೆ. ಆ ಏಳು ಜನರಿಗೂ ಒಂದು ವಾಟ್ಸಾಪ್ ಗುಂಪು ಇತ್ತು. ಮಾವನ ಫೋನಿನಲ್ಲೇ, ಊಟದ ಮೇಜಿನ ಹತ್ತಿರ ಕುಳಿತು, ಧ್ವನಿ ಸಂದೇಶ ಮಾಡಿದೆ. ಹೆಂಡತಿ, ಅತ್ತೆ, ಮಗಳು ಕೇಳಿಸಿಕೊಳ್ಳುತ್ತಿದ್ದರು. ಮೊದಲ ಸಲ ಹೇಳಿದ್ದು ಕಾನ್ಫರೆನ್ಸ್ ಭಾಷಣದಂತಾಯಿತು, ಮಾನವನ ಸ್ಮರಣೆ ಹೇಗೆ ತನಗೆ ಅನುಕೂಲವಾದದ್ದನ್ನು ಇಟ್ಟುಕೊಳ್ಳುತ್ತದೆ ಎಂಬುದರಿಂದ ಶುರುವಾಗಿತ್ತು. ಮಗಳು "ಅಪ್ಪಾ, ಜಸ್ಟ್ ಸೇ ಯು ಡಿಡ್ ಇಟ್," ಎಂದಳು. ಎರಡನೆಯ ಸಲ ಹಾಗೇ ಹೇಳಿದೆ. ಎಲೆ ಮುಚ್ಚಿದ್ದು ನಾನು, ಮಾವ ಹಿಂದೆ ಕುಳಿತಿದ್ದರು, ಇಷ್ಟು ವರ್ಷ ತಪ್ಪು ಹೇಳಿದ್ದೆ, ಅವರ ಜಾಗ ಅವರಿಗೆ ಬಿಟ್ಟುಕೊಡಬೇಕು. ನಕ್ಷೆಯ ಫೋಟೋವನ್ನೂ ಕಳಿಸಿದೆ.

ಉತ್ತರ ಮರುದಿನ ಬಂತು. ಆಲೆಮನೆಯ ಯಜಮಾನರ ದನಿ, ಹಿಂದೆ ಯಾರೋ ಕೆಮ್ಮುತ್ತಿದ್ದರು.

"ಪಾಪ, ಅಳಿಯನ ಕೈಲಿ ಹೇಳ್ಸಿದ್ದೀಯಲ್ಲೋ. ಸಾಕ್ಷಿ ಏನೈತೆ? ನೀನೇ ಬರ್ದ ನಕ್ಷೆ ನಿಂಗೇ ಸಾಕ್ಷಿಯಾ? ನಿನ್ ನಕ್ಷೆ ನಂಬ್ಕೊಂಡು ನಾನು ಕೆರೆ ಕಡೆ ಎರಡಡಿ ಬದು ಕಳ್ಕೊಂಡಿಲ್ವಾ?"

ಹೆಂಡತಿ ನನ್ನ ಮುಖ ನೋಡಿ ಒಳಗೆ ಎದ್ದು ಹೋದಳು, ಒಳಗಿಂದ ಅವಳ ನಗು ಕೇಳಿಸಿತು. ವಾದದಲ್ಲಿ ನನಗೆ ತಪ್ಪೇ ಕಾಣಲಿಲ್ಲ. ಲಾಭ ಪಡೆಯುವವನೇ ತಯಾರಿಸಿದ ದಾಖಲೆ, ಅವನ ಮನೆಯ ಒಬ್ಬಟ್ಟು ಉಂಡ ಅಳಿಯನ ಹೇಳಿಕೆ. ಆಫೀಸಿನಲ್ಲಿ ನಾನೂ ತಳ್ಳಿಹಾಕುತ್ತಿದ್ದೆ.

ಮಾವ ಮಾತ್ರ ಯೋಚನೆಯಲ್ಲಿದ್ದರು. ಅಂದು ಸಂಜೆ ಕಾಫಿ ಕುಡಿಯುವಾಗ ಅವರು ತೀರ್ಮಾನ ಹೇಳಿದರು.

"ಯುಗಾದಿಗೆ ನೀವೇ ಬಂದ್ಬುಡಿ ಅಳಿಯಂದ್ರೆ. ಅವ್ರ ಜೊತೆ ಒಂದಾಟ ಕೂತ್ಕಳಿ ಸಾಕು. ನೀವು ಆಡಾದು ನೋಡಿದ್ರೆ ಅವ್ರಿಗೇ ಗೊತ್ತಾಯ್ತದೆ."

ಇದನ್ನು ಅವರು ಪೂರ್ತಿ ಪ್ರೀತಿಯಿಂದ ಹೇಳಿದರು. ನಾನು ಮಾರ್ಚಿಗೆ ರಜೆ ಹಾಕಿದೆ. ಕಾರಣ ಕೇಳಿದ ಮ್ಯಾನೇಜರಿಗೆ ಕುಟುಂಬದ ಒಂದು ಹಳೆಯ ದಾಖಲೆ ತಿದ್ದುವುದಿದೆ ಎಂದೆ. ಆಸ್ತಿ ವಿಷಯ ಎಂದುಕೊಂಡು ಅವರು ಸಹಾನುಭೂತಿ ತೋರಿಸಿದರು.

ಅಂದಿನಿಂದ ಪ್ರತಿ ಸಂಜೆ ನಾನೂ ಮಾವನೂ ರಮ್ಮಿ ಆಡಿದೆವು. ನಾನು ಚಟ ಹತ್ತಿದವನಂತೆ ಕಲಿಯತೊಡಗಿದೆ. ಯಾವ ಎಲೆ ಬಿದ್ದಿದೆ, ಯಾವುದು ಉಳಿದಿದೆ ಎಂದು ಮನಸ್ಸಿನಲ್ಲೇ ಲೆಕ್ಕ ಇಡುತ್ತಿದ್ದೆ. ಜನವರಿಯ ಒಂದು ಸಂಜೆ ಸಾಲಾಗಿ ಎರಡು ಆಟ ಗೆದ್ದೆ. ಮಾವ ಎಲೆ ಕೆಳಗಿಟ್ಟು ನನ್ನನ್ನು ಆತಂಕದಿಂದ ನೋಡಿದರು. ಇನ್ನು ಯುಗಾದಿವರೆಗೆ ಅಭ್ಯಾಸ ಬೇಡ ಎಂದರು. ಮರುದಿನದಿಂದ ಅವರು ಮಂಡ್ಯಕ್ಕೆ ಹೊರಡುವವರೆಗೂ ಎಲೆ ಕಟ್ಟು ಎಲ್ಲಿಟ್ಟರೋ ಸಿಗಲಿಲ್ಲ.

ಮಾರ್ಚಿನಲ್ಲಿ ನಾನೂ ಮಂಡ್ಯಕ್ಕೆ ಬಂದೆ, ಯುಗಾದಿಯ ಮಧ್ಯಾಹ್ನ ಮಾವನೊಂದಿಗೆ ಆಲೆಮನೆಗೆ ಹೋದೆ. ಒಲೆಯ ಗುಂಡಿಯನ್ನು ಮಣ್ಣಿನಿಂದ ಮುಚ್ಚಿದ್ದರು. ಗೋಡೆ ಇನ್ನೂ ಬೆಲ್ಲದ ವಾಸನೆ ಬಿಡುತ್ತಿತ್ತು, ಅಥವಾ ನನಗೆ ಹಾಗೆನಿಸಿತು. ಕಂಬದ ಜಾಗದಲ್ಲಿ ಯಜಮಾನರ ತಮ್ಮ ಒರಗಿದ್ದ. ಮಾವ ದೂರದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ, ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಆಸ್ಪತ್ರೆಯಲ್ಲಿ ಹೆಸರು ಕೂಗುವುದಕ್ಕೆ ಕಾಯುವವರಂತೆ ಕುಳಿತರು. ಆ ಕೈಗಳನ್ನು ನೋಡಿದಾಗ ನನ್ನ ಕತೆಗೆ ನಕ್ಕವರೆಲ್ಲರ ನಗು ಒಟ್ಟಿಗೆ ಕೇಳಿಸಿದಂತಾಯಿತು. ಅಮೆರಿಕದವರಿಗೆ ಜಾಗ ಬಿಡಿ ಎಂದು ನನ್ನನ್ನು ಜಮಖಾನದ ಮೇಲೆ ಕೂರಿಸಿದರು.

ನನಗಿದ್ದ ಹೆದರಿಕೆ ಒಂದೇ, ಎಲ್ಲಿ ಚೆನ್ನಾಗಿ ಆಡಿಬಿಡುತ್ತೇನೋ ಎಂದು. ಬೇಕೆಂದೇ ತಪ್ಪು ಮಾಡುವ ಹಾಗೂ ಇರಲಿಲ್ಲ. ನಲವತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡಿ ಆಡಿದವರು, ನಟನೆಯನ್ನು ಎಲೆ ಎತ್ತುವಾಗಲೇ ಹಿಡಿಯುತ್ತಿದ್ದರು. ಮೊದಲ ಎರಡು ಆಟ ಮರ್ಯಾದೆಯಾಗಿ ಸೋತೆ. ಮೂರನೆಯದರಲ್ಲಿ ಎಲೆ ಚೆನ್ನಾಗಿ ಬಂತು. ಕೂಡಿಸಿದೆ, ಕಾದೆ, ಬೇಕಿದ್ದ ಆಟೀನ್ ಗುಲಾಮ ಬಂದ. ಹದಿನಾಲ್ಕು ಎಲೆ ಕೈಯಲ್ಲಿ, ಹದಿಮೂರು ಸರಿಯಾಗಿ ಕೂಡಿದೆ, ಉಳಿದದ್ದನ್ನು ಮುಚ್ಚಿ ನಡುವೆ ಇಟ್ಟು ಶೋ ಎನ್ನಬೇಕು. ಹುಟ್ಟಿದಾಗಿನಿಂದ ಗೊತ್ತಿರುವ ನಿಯಮ. ಆದರೆ ಆ ಎಲೆ ಕಟ್ಟು ಕಾಣೆಯಾದಾಗಿನಿಂದ ನಾನು ನನಗೇ ಹೇಳಿಕೊಂಡಿದ್ದದ್ದು ಒಂದೇ ಮಾತು, ಇನ್ನೆಂದೂ ಎಲೆ ಮುಚ್ಚಿ ಇಡಬಾರದು. ಕೈ ಎತ್ತಿ ಹದಿನಾಲ್ಕು ಎಲೆಯನ್ನೂ ತೆರೆದು ಜಮಖಾನದ ಮೇಲೆ ಹರಡಿಬಿಟ್ಟೆ. 'ಶೋ' ಎಂದೆ.

ತಪ್ಪು ಶೋ. ಗೆದ್ದ ಆಟ ಹೋಯಿತು.

ಯಾರೂ ನಗಲಿಲ್ಲ. ಯಜಮಾನರು ಬಗ್ಗಿ ನನ್ನ ಹದಿನಾಲ್ಕು ಎಲೆಯನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ತಲೆ ಎತ್ತಿ ನನ್ನನ್ನೂ, ಕುರ್ಚಿಯಲ್ಲಿದ್ದ ಮಾವನನ್ನೂ ನೋಡಿದರು.

"ಇವ್ರೇ ಕಣ್ರಲಾ," ಎಂದರು. ತಮ್ಮನ ಭುಜ ತಟ್ಟಿದರು. "ಏಳ್ಲಾ ಮ್ಯಾಲಕ್ಕೆ. ಅವ್ನ ಜಾಗ ಬುಡು."

ಮಾವ ಬಂದು ಕಂಬಕ್ಕೆ ಒರಗಿ ಕುಳಿತರು. ಕುಳಿತು, ನನ್ನ ಕಡೆ ನೋಡದೆ, ಎಲೆ ಕಲೆಸತೊಡಗಿದರು. ಸಂಜೆಯವರೆಗೂ ಏಳಲಿಲ್ಲ. ನಾನು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನೋಡಿದೆ. ಮಂಡಿ ನೋವಿನ ಮಾತು ಯಾರೂ ಎತ್ತಲಿಲ್ಲ.

ಸ್ಯಾನ್ ರಮೋನ್‌ಗೆ ವಾಪಸ್ ಬಂದು ಒಂದು ತಿಂಗಳಾಗಿದೆ. ಕಳೆದ ಶನಿವಾರದ ಪಾಟ್‌ಲಕ್‌ನಲ್ಲಿ ಹೊಸ ಕತೆ ಕೇಳಿದರು. ಆ ತಪ್ಪನ್ನು ಮಾವನಿಗೋಸ್ಕರ ಬೇಕೆಂದೇ ಮಾಡಿದೆಯಾ ಎಂದು ಕ್ಯುಪರ್ಟಿನೋದ ಗೆಳೆಯ ಕೇಳಿದ. ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಹೆಂಡತಿ ಕೋಸಂಬರಿಯ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಆದರೆ ನಿಜ ಹೇಳುತ್ತೇನೆ, ಆ ಎಲೆಗಳನ್ನು ಹರಡುವ ಮೊದಲು ಒಂದು ಕ್ಷಣ ತಡೆದು, ಕುರ್ಚಿಯ ಕಡೆ ತಿರುಗಿ ನೋಡಿದ್ದು ನನಗೆ ಈಗಾಗಲೇ ಸ್ವಲ್ಪ ಸ್ವಲ್ಪ ನೆನಪಾಗತೊಡಗಿದೆ.